ಥರ್ಟಿಟೂ ಅಂದ್ರ ಥರ್ಟಿಟೂ!

ರಿವಾಲ್ವರ್ ನನ್ನ ಎದೆಗೇ ನೆಟ್ಟಿತ್ತು.

ಮಟಮಟ ಮಧ್ಯಾಹ್ನ. ಹರಪನಹಳ್ಳಿಯ ಒಂದು ಮೆಕ್ಕೆಜೋಳದ ಗೋದಾಮು. ಆಯುಧಪೂಜೆ. ನಳಿಗೆಯ ಮೇಲೆ ಆಗಷ್ಟೇ ಹಚ್ಚಿದ ವಿಭೂತಿ, ಕುಂಕುಮ. ಅದನ್ನು ಹಿಡಿದವನು ಗೋದಾಮಿನ ಧಣಿ ಗುರುಬಸವರಾಜ.

“ಪೂಜಿಗಿಟ್ಟಿದ್ದಕ್ಕ ಕೈ ಹಾಕ್ತೀಯೇನಲೇ ಭೀಮರಾಜ? ಸುಟ್ಟುಬಿಡ್ತೀನಿ!”

“ಟ್ರಿಗರ್ ಮುಟ್ಟಬ್ಯಾಡ್ರಿ ಗೌಡ್ರ! ನನ್ನ ಸಲುವಾಗಿ ಅಲ್ಲ... ನಿಮ್ಮ ಕೈ ಸಲುವಾಗಿ!”

ಅವನು ನಕ್ಕ. ಇಂಥ ನಗು ನಾನು ಬಹಳ ನೋಡಿದ್ದೇನೆ. ಮೀಸಲು ಪೊಲೀಸ್ ಪಡೆಯಲ್ಲಿ ಇಪ್ಪತ್ತೆರಡು ವರ್ಷ ಬಂದೂಕು ರಿಪೇರಿ ಮಾಡಿದವನು ನಾನು. ಈಗ ಕೂಡ್ಲಿಗಿಯಲ್ಲಿ ಕೂತು, ಗನ್ ಇಟ್ಟುಕೊಂಡವರ ತಲೆನೋವು ಬಗೆಹರಿಸುತ್ತೇನೆ. ನಿಜ ಹೇಳಲಾ? ಗನ್‌ಗಿಂತ ಅದನ್ನು ಇಟ್ಟುಕೊಂಡವರನ್ನು ಕಂಡರೇ ನನಗೆ ಹೇಸಿಗೆ.

ಬೆಳಿಗ್ಗೆ ಫೋನ್ ಮಾಡಿದ್ದು ಇವನ ಹೆಂಡತಿ ಸುಮಲತಾ.

“ಭೀಮರಾಜಣ್ಣ, ಪೂಜಿಗೆ ಅಂತ ರಿವಾಲ್ವರ್ ಒರೆಸಾಕ ತಗದಿದ್ದೆ. ಗುಂಡು ಬ್ಯಾರೆ ಅನಿಸ್ತಾವ. ನಮ್ಮ ಮಾವನ ಕಾಲದಾಗ ಬೂದು ಬಣ್ಣದವು, ಉದ್ದ ಇದ್ದವು. ಇವು ಗಿಡ್ಡ. ತಾಮ್ರದಂಗ ಹೊಳೀತಾವ.”

“ಯಜಮಾನ್ರಿಗೆ ಹೇಳಿದ್ರೇನು?”

“ಹೇಳಿದೆ. ಥರ್ಟಿಟೂ ಅಂದ್ರ ಥರ್ಟಿಟೂ, ಒಲಿ ನೋಡ್ಕೊ ಹೋಗು ಅಂದ್ರು.”

ಅವಳು ಕಳಿಸಿದ ಫೋಟೋ ನೋಡಿ ಮೈ ಉರಿಯಿತು.

ಪಿಸ್ತೂಲಿನ ಗುಂಡು! ರಿವಾಲ್ವರಿನ ಗುಂಡಿಗೂ ಇದಕ್ಕೂ ಅಳತೆಯ ಹೆಸರು ಒಂದೇ, ಥರ್ಟಿಟೂ. ಪಿಸ್ತೂಲಿನದು ಗಿಡ್ಡ, ಆದರೆ ಅದರ ಒತ್ತಡ ಜಾಸ್ತಿ. ಹಳೇ ರಿವಾಲ್ವರಿನ ಸಿಲಿಂಡರ್‌ನಲ್ಲಿ ಸಲೀಸಾಗಿ ಕೂರುತ್ತದೆ. ಕೂರುತ್ತದೆ ಅಂದ ಮಾತ್ರಕ್ಕೆ ಹಾರಿಸಬಹುದು ಅಂತಲ್ಲ! ಇವನಪ್ಪ ನಾಗಪ್ಪನ ಕಾಲದ ಆ ಮುದಿ ರಿವಾಲ್ವರ್ ಸಿಡಿದರೆ ಹಿಡಿದವನ ಬೆರಳು, ಪಕ್ಕದವರ ಕಣ್ಣು ಹೋದ ಹಾಗೇ. ಪೂಜೆ ಮುಗಿದ ಮೇಲೆ ಗಾಳಿಗೆ ಒಂದು ಗುಂಡು ಹಾರಿಸುವುದು ಆ ಮನೆಯ ಪದ್ಧತಿ. ಕಾನೂನು? ಅದನ್ನು ಕೇಳುವವರು ಯಾರು!

ಗೌಡನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಬೈಕ್ ಹತ್ತಿದೆ. ಕೊಟ್ಟೂರಿನ ಹತ್ತಿರ ರಸ್ತೆ ತುಂಬಾ ಹಾರ ಹಾಕಿದ ಟ್ರ್ಯಾಕ್ಟರುಗಳು. ಹೊಲದ ದಾರಿಗಿಳಿದೆ... ಎರಡು ಸಲ ಬಿದ್ದೆ. ಬಂದವನೇ ಪೂಜೆಯ ಮೇಜಿಗೆ ಕೈ ಚಾಚಿದೆ. ನನಗಿಂತ ಮೊದಲು ಗೌಡ ರಿವಾಲ್ವರ್ ಎತ್ತಿಕೊಂಡ.

ಅವನ ಮೊಣಕೈಗೆ ತಾಗಿ ತಾಯಿ ಕೊಟ್ರಬಸಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು.

“ಯಮ್ಮಾ, ದೂರ ಸರೀರಿ!”

ಅವಳು ಸರಿಯಲಿಲ್ಲ. ಸರಿದವನು ಇನ್ನೊಬ್ಬ.

ಗೌಡನ ತಮ್ಮ ಪ್ರವೀಣಕುಮಾರ್. ಕಂಬದ ಮರೆಯಲ್ಲಿ ನಿಂತಿದ್ದ. ಗುರಿ ಇದ್ದದ್ದು ನನ್ನ ಕಡೆ. ಅವನಿದ್ದದ್ದು ಅಣ್ಣನ ಬೆನ್ನ ಹಿಂದೆ. ಅಲ್ಲಿ ನಿಂತವನಿಗೆ ಕಂಬ ಯಾಕೆ ಬೇಕು?

“ಗೌಡ್ರ, ಪ್ರವೀಣನ ಹತ್ರಾನೂ ಥರ್ಟಿಟೂ ಪಿಸ್ತೂಲ್ ಐತಲ್ರಿ?”

“ಐತಿ. ಏನೀಗ?”

“ಎಲೆಕ್ಷನ್‌ದಾಗ ಇಬ್ರೂ ಗನ್, ಗುಂಡು ಠಾಣೇಕ ಜಮಾ ಮಾಡಿದ್ರಿ. ವಾಪಸ್ ಹೆಂಗ ತಂದ್ರಿ?”

“ಎಲ್ಲಾ ಒಂದ ಚೀಲದಾಗ ಹಾಕ್ಕೊಂಡು ಬಂದ್ವಿ. ಗುಂಡು ಮನಿಯಾಗ ಹಂಚಿಕೊಂಡ್ವಿ. ನಿನಗ್ಯಾಕಲೇ ಅದು?”

“ಒಂದ ಕೆಲಸ ಮಾಡ್ರಿ. ಈ ವರ್ಷದ ಗುಂಡು ತಮ್ಮ ಹಾರಿಸಲಿ.”

ಗುಂಡು ಹಾರಿಸಿದವನೇ ಆ ಮನೆಯ ಯಜಮಾನ. ನಾಗಪ್ಪ ಸತ್ತಾಗಿನಿಂದ ಆ ಮರ್ಯಾದೆಗಾಗಿ ಪ್ರವೀಣ ಅಣ್ಣನ ಜೊತೆ ಕಿತ್ತಾಡುತ್ತಿದ್ದದ್ದು ಊರಿಗೆಲ್ಲ ಗೊತ್ತು.

ಗೌಡ ರಿವಾಲ್ವರ್ ಇಳಿಸಿದ. ಹಿಡಿಕೆಯನ್ನು ತಮ್ಮನ ಕಡೆ ಚಾಚಿದ.

“ಬಾರೋ. ನಿನ್ನ ಆಸಿ ತೀರಲಿ.”

ಪ್ರವೀಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

“ಬ್ಯಾಡಣ್ಣ... ನೀನ ಹೊಡಿ.”

“ಹಿಡಿಯೋ!”

“ಬ್ಯಾಡ ಅಂದ್ನೆಲ್ಲ!”

ಗೌಡ ಕೈಯಲ್ಲಿದ್ದ ರಿವಾಲ್ವರ್ ನೋಡಿದ, ತಮ್ಮನನ್ನು ನೋಡಿದ.

“ಗುಂಡು ಬ್ಯಾರೆ ಅಂತ ಗೊತ್ತಿತ್ತೇನೋ ನಿನಗ?”

ಪ್ರವೀಣ ಸೊಂಟದಿಂದ ಪಿಸ್ತೂಲ್ ಎಳೆದ! ಬಾಗಿಲ ಕಡೆ ಓಡಿದ. ನಾನೂ ಹಿಂದೆಯೇ ಓಡಿದೆ. ಅವನು ಜೋಳದ ರಾಶಿ ಹತ್ತಿ ದಾಟಲು ಹೋಗಿ ಮೊಣಕಾಲಿನವರೆಗೆ ಹೂತುಕೊಂಡ. ತಿರುಗಿ ನನ್ನ ಹಣೆಗೆ ಗುರಿಯಿಟ್ಟ.

“ಸುಡ್ತೀನಿ!”

ನಾನು ಆರಾಮಾಗಿ ನಡೆದು ಹೋದೆ.

“ಯಾವುದ್ರಾಗ ಸುಡ್ತೀಯೋ? ನಿನ್ನ ಗುಂಡು ಅಣ್ಣನ ರಿವಾಲ್ವರ್‌ದಾಗ ಅದಾವ. ಅವನವು ನಿನ್ನ ಮ್ಯಾಗಜೀನ್‌ಗೆ ಇಳಿಯಂಗಿಲ್ಲ!”

ಪಿಸ್ತೂಲ್ ಕಿತ್ತುಕೊಂಡೆ. ಖಾಲಿ. ಕೆನ್ನೆಗೆ ಒಂದು ಬಾರಿಸಿದೆ.

“ಯಾವಾಗ ಗೊತ್ತಾತು?”

“ಎರಡು ತಿಂಗಳಾತು... ಲೋಡ್ ಮಾಡಾಕ ಹೋದಾಗ.”

“ಯಾಕ ಹೇಳಲಿಲ್ಲ?”

“ಅವ ಕೇಳಲಿಲ್ಲ!”

ಥೂ! ಎರಡು ತಿಂಗಳು ಅಣ್ಣನ ಪಕ್ಕ ಕೂತು ಉಂಡಿದ್ದಾನೆ. ಬಾಯಿ ಬಿಡಲಿಲ್ಲ. ಇವತ್ತು ತಾನು ಕಂಬದ ಹಿಂದೆ ಹೋದ... ಹೆತ್ತ ತಾಯಿಯನ್ನು ಅಲ್ಲೇ ಬಿಟ್ಟು! ಕೈಗೆ ಅಂಟಿದ ಅವನ ಬೆವರನ್ನು ಪ್ಯಾಂಟಿಗೆ ಒರೆಸಿಕೊಂಡೆ.

ಗೌಡನ ಕೈಯಿಂದ ರಿವಾಲ್ವರ್ ಇಸಿದುಕೊಂಡು ಆರೂ ಗುಂಡು ಸುರಿದೆ.

“ನೋಡ್ರಿ. ನಳಿಗಿ ಮ್ಯಾಲಿನ ಅಕ್ಷರ, ಗುಂಡಿನ ತಳದ ಅಕ್ಷರ... ಎರಡೂ ಪೂರ್ತಿ ಹೊಂದಬೇಕು. ಹೊಂದಲಿಲ್ಲ ಅಂದ್ರ ಒಳಗ ಹಾಕಬಾರದು. ಹೆಂಡ್ತಿ ಹೇಳಿದಾಗ ಇಷ್ಟು ನೋಡಿದ್ರ ಆಗ್ತಿತ್ತು.”

ಗೌಡ ನೋಡಿದ. ಬಾಗಿಲಲ್ಲಿ ನಿಂತಿದ್ದ ಸುಮಲತಾ ಕಡೆ ಮಾತ್ರ ತಿರುಗಲಿಲ್ಲ.

“ಎರಡೂ ಗನ್ ಠಾಣೇಕ ಕೊಡ್ತೀನಿ,” ಎಂದೆ.

ಕೊಟ್ರಬಸಮ್ಮ ನನ್ನ ತೋಳು ಹಿಡಿದಳು. “ಹೊರಗ ಹೇಳಬ್ಯಾಡಪ್ಪಾ, ಮನಿ ಮರ್ಯಾದಿ. ಹೋಳಿಗಿ ಉಂಡು ಹೋಗು.”

ಗೌಡ ಗಂಟಲು ಸರಿಮಾಡಿಕೊಂಡ. ಈಗಲಾದರೂ ಹೆಂಡತಿಗೆ ಒಂದು ಮಾತು ಹೇಳುತ್ತಾನೆ ಅಂದುಕೊಂಡೆ.

“ಪ್ರವೀಣ, ನನ್ನ ಗುಂಡು ಎಲ್ಲಿಟ್ಟೀಯೋ? ತಗೊಂಬಾ. ಪೂಜಿ ಅರ್ಧಕ್ಕ ನಿಂತೈತಿ!”

ನಾನು ಎರಡೂ ಗನ್ ಚೀಲಕ್ಕೆ ಹಾಕಿ ಬೈಕ್ ಹತ್ತಿದೆ.

“ಕುಂಬಳಕಾಯಿ ಒಡೀರಿ ಗೌಡ್ರ... ಅದಕ್ಕ ಅಕ್ಷರ ಓದಾಕ ಬರಬೇಕಂತಿಲ್ಲ!”