ಇಪ್ಪತ್ತೈದರ ಬಿಲ್ಲೆ

ಒಳ್ಳೆಯ ಮೈಕ್ರೋಮೀಟರ್ ಎಲ್ಲಿ ಸಿಗುತ್ತದೆಂದು ಕೊರಿಯಾದ ಸೋಲ್ ನಗರದ ಉಲ್ಜಿರೋ ಗಲ್ಲಿಯಲ್ಲಿ ಯಾರನ್ನೇ ಕೇಳಿದರೂ ಬೆರಳು ನಾಮ್ ಯೊಂಗ್‌ದಾಲನ ಅಂಗಡಿಯತ್ತ ಹೋಗುತ್ತಿತ್ತು. ಎದುರು ಅಂಗಡಿಯ ಕು ಬೊನ್‌ಸುವಿನ ಹೊಟ್ಟೆಯುರಿಗೆ ಇಷ್ಟು ಸಾಕಿತ್ತು. ಮಾಲು ಅದೇ, ಬೆಲೆಯೂ ಅದೇ. ಒಬ್ಬ ಮಹಾನುಭಾವನಂತೂ ಕುವಿನ ಬಾಗಿಲಲ್ಲೇ ನಿಂತು, "ಯಜಮಾನ್ರೇ, ಅಳತೆ ಸಾಮಾನು ಎಲ್ಲಿ ಚೆನ್ನಾಗಿರೋದು ಸಿಗುತ್ತೆ?" ಎಂದು ಕೇಳಿದ್ದ.

ಎಲ್ಲಕ್ಕೂ ಕಾರಣ ನಾಮ್‌ನ ಮೇಜಿನ ಮೇಲಿದ್ದ ಉಕ್ಕಿನ ಬಿಲ್ಲೆ. ಕರಾರುವಾಕ್ಕಾಗಿ ಇಪ್ಪತ್ತೈದು ಮಿಲಿಮೀಟರ್ ದಪ್ಪ. ಗಲ್ಲಿಯಲ್ಲಿ ಲೋಹ ಕಡೆಯುವ ಲೇತ್‌ನವರೆಲ್ಲ ಆಗಾಗ ತಮ್ಮ ಮೈಕ್ರೋಮೀಟರ್ ತಂದು ಅದಕ್ಕೆ ಕಚ್ಚಿಸಿ ನೋಡುವರು. ಗೆರೆ ತಪ್ಪಿದ್ದರೆ ಸರಿಮಾಡಿಕೊಳ್ಳುವರು. ನಾಮ್ ಕೊಟ್ಟ ಬಾರ್ಲಿ ಚಹಾ ಕುಡಿದು, ದಾಕ್ಷಿಣ್ಯಕ್ಕೆ ಏನಾದರೂ ಕೊಳ್ಳುವರು. ಬುದ್ಧನ ಗುಡಿಗೂ ಅವರು ಅಷ್ಟು ನಿಷ್ಠೆಯಿಂದ ಹೋದವರಲ್ಲ.

ಕದಿಯುವುದು ಒರಟರ ಕೆಲಸವೆಂದು ಕುವಿನ ಅಭಿಪ್ರಾಯ. ಬಿಲ್ಲೆ ಕಾಣೆಯಾದರೆ ನಾಮ್‌ಗೆ ಮರುಕ ಸಿಗುತ್ತದೆ, ಹೊಸ ಬಿಲ್ಲೆಯೂ ಬರುತ್ತದೆ. ಬಿಲ್ಲೆ ಅಲ್ಲೇ ಇರಬೇಕು, ಆದರೆ ಸುಳ್ಳು ಹೇಳಬೇಕು. ತನ್ನ ದಾಸ್ತಾನಿನಿಂದ ಅಂಥದ್ದೇ ಒಂದನ್ನು ತೆಗೆದು, ಗಾಜಿನ ಮೇಲೆ ತಾಳ್ಮೆಯಿಂದ ಉಜ್ಜಿ, ಕೂದಲೆಳೆಯ ಕಾಲುಭಾಗದಷ್ಟು ತೆಳ್ಳಗೆ ಮಾಡಿದ. ಇಷ್ಟು ಸಾಕು. ಲೇತ್‌ನಲ್ಲಿ ತಿರುಗಿಸಿದ ದಂಡ ಕೊರೆದ ತೂತಿನಲ್ಲಿ ಕೂರುವುದಿಲ್ಲ, ಆ ಬಿಡಿಭಾಗ ಹಾಕಿದ ಮುದ್ರಣಯಂತ್ರಗಳು ಕುಣಿಯುತ್ತವೆ, ಗಲ್ಲಿಯೆಲ್ಲ ನಾಮ್‌ನ ವಂಶಾವಳಿಯನ್ನು ಜಾಲಾಡುತ್ತದೆ.

ನಾಮ್ ಕರಿಸಾಸಿನ ನೂಡಲ್ಸ್ ತಿನ್ನುವಾಗ ಬಟ್ಟಲಿನಿಂದ ತಲೆಯೆತ್ತುವವನಲ್ಲ. ಆ ಹೊತ್ತಿಗೇ ಕು ಒಳಹೊಕ್ಕ.

"ಬನ್ನಿ ಅಣ್ಣ, ಒಂದು ಬಾಯಿ ತಿನ್ನಿ."

"ನೀನು ತಿನ್ನಪ್ಪ. ಆರಿದ್ರೆ ಅಂಟಿಕೊಳ್ಳುತ್ತೆ," ಎಂದು ಕು ಅಕ್ಕರೆಯಿಂದ ಹೇಳುತ್ತ ಬಿಲ್ಲೆ ಬದಲಿಸಿದ. ಸಂಜೆ ಅಸಲಿಯನ್ನು ಹತ್ತಿರದ ಚೊಂಗ್ಗ್ಯೆ ಹೊಳೆಗೆ ಎಸೆದ. ಸಾಕ್ಷಿ ಇಟ್ಟುಕೊಳ್ಳುವವರು ಹೆಡ್ಡರು.

ಮಳೆಗಾಲ ಮುಗಿಯುವಷ್ಟರಲ್ಲಿ ಗಲ್ಲಿಯ ಅಷ್ಟೂ ಮೈಕ್ರೋಮೀಟರ್‌ಗಳು ಆ ಸುಳ್ಳಿಗೆ ಹೊಂದಿಕೊಂಡವು. ಕು ಗಾಜು ಒರೆಸಿ, ತನ್ನ ಸತ್ಯವಂತ ಮಾಲನ್ನು ಮುಂದಕ್ಕೆ ಜೋಡಿಸಿ ಕಾದ. ಕೊನೆಗೂ ಲೇತ್‌ನ ತಾಕ್ ಮುದುಕ ಸಿಟ್ಟಿನಿಂದ ಬಂದ. ಕುವಿನ ಎದೆ ಹಿಗ್ಗಿತು.

ತಾಕ್ ಮೈಕ್ರೋಮೀಟರೊಂದನ್ನು ಮೇಜಿಗೆ ಕುಕ್ಕಿದ. ಅದು ಕು ಮೊನ್ನೆಯಷ್ಟೇ ಮಾರಿದ ಹೊಸದು.

"ಏನಯ್ಯಾ, ಇದು ಅಳತೆ ಮಾಡುತ್ತೋ ಹರಟೆ ಹೊಡೆಯುತ್ತೋ? ಇದನ್ನ ನಂಬಿ ದಂಡ ತಿರುಗಿಸ್ದೆ, ಪಕ್ಕದವನು ಕೊರೆದ ತೂತಿಗೆ ತೂರ್ತಾನೇ ಇಲ್ಲ!"

"ಹಾಗಾದ್ರೆ ತೂತೇ ಚಿಕ್ಕದು!"

"ಊರಿನ ತೂತೆಲ್ಲ ಚಿಕ್ಕದು, ನಿನ್ನದೊಂದೇ ಸರಿ, ಅಲ್ವಾ?"

ಗದ್ದಲ ಕೇಳಿ ನಾಮ್ ರಸ್ತೆ ದಾಟಿ ಬಂದು ಕುವಿನ ಹೆಗಲ ಮೇಲೆ ಕೈಯಿಟ್ಟ. "ಬೇಜಾರು ಮಾಡ್ಕೋಬೇಡಿ ಅಣ್ಣ. ಇರೋ ಮಾಲನ್ನೆಲ್ಲ ತನ್ನಿ, ನಮ್ಮ ಬಿಲ್ಲೆಗೆ ಹಿಡಿದು ಸರಿಮಾಡೋಣ." ಆಗ ಕುವಿಗೆ ಹೊಳೆಯಿತು: ದಂಡ ತಿರುಗಿಸುವವನೂ ತೂತು ಕೊರೆಯುವವನೂ ಇದೇ ಗಲ್ಲಿಯವರು, ಇಬ್ಬರೂ ಅಳತೆ ಸರಿಮಾಡಿಕೊಂಡಿದ್ದು ಅದೇ ಬಿಲ್ಲೆಗೆ, ಸುಳ್ಳು ಸುಳ್ಳಿನೊಳಗೆ ನುಣ್ಣಗೆ ಕೂರುತ್ತಿತ್ತು. ಇಡೀ ಗಲ್ಲಿಯಲ್ಲಿ ತಪ್ಪಿದ್ದು ಅವನ ಮಾಲು ಮಾತ್ರ, ಏಕೆಂದರೆ ಅದೊಂದೇ ಸರಿಯಾಗಿತ್ತು.