ಒಂದೇ ದಿನ ಹುಟ್ಟಿದವರ ನಡುವೆ

“ಏ, ಮೊದಲ ಆ ಮೈಕ್ ಬಂದ್ ಮಾಡ್ರಿ!”

ನಾಗರತ್ನಾ ಕೂಗಿದ್ದು ಅವನಿಗೆ ಕೇಳಿಸಲೇ ಇಲ್ಲ. ಭಾಂಡುಪ್‌ನ ಕನ್ನಡ ಸಂಘದ ಹಾಲ್‌ನಲ್ಲಿ ಆ ಹುಡುಗ ಕಣ್ಣು ಮುಚ್ಚಿಕೊಂಡು, ಒಂದು ಕೈ ಗಾಳಿಯಲ್ಲಿ ಆಡಿಸುತ್ತ ರ‍್ಯಾಪ್ ಹಾಡುತ್ತಿದ್ದ. ಅರ್ಧ ಹಿಂದಿ, ಅರ್ಧ ಕನ್ನಡ. ಸ್ಪೀಕರ್ ಸದ್ದಿಗೆ ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು.

ಅವಳು ನೇರವಾಗಿ ಗೋಡೆಯ ಹತ್ತಿರ ಹೋಗಿ ಪ್ಲಗ್ಗನ್ನೇ ಕಿತ್ತಳು.

ಅವನು ಕಣ್ಣು ಬಿಟ್ಟ. “ಲೈಟ್ ಹೋತಾ?”

“ಹೋಗಿಲ್ಲ. ನಾ ಕಿತ್ತೀನಿ. ಈಗ ನಮ್ಮ ಭಜನಿ ಐತಿ ಇಲ್ಲಿ.”

ಅವನ ಕಣ್ಣು ಅವಳ ಮುಖದಿಂದ, ಸೊಂಟದ ಮೇಲೆ ಮಗುವಿನಂತೆ ಎತ್ತಿಕೊಂಡಿದ್ದ ಹಾರ್ಮೋನಿಯಂಗೆ ಇಳಿಯಿತು. “ಈ ಪೇಟಿ... ನೀವು ಬಾರಸ್ತೀರಾ?”

“ಅಲ್ಲ, ಇದರಾಗ ರೊಟ್ಟಿ ಇಡ್ತೀನಿ!”

ಅವನು ಜೋರಾಗಿ ನಕ್ಕುಬಿಟ್ಟ. ಬೈಸಿಕೊಂಡವನು ಹೀಗೆ ನಗುತ್ತಾನೆಯೇ? ನಾಗರತ್ನಾಳ ಸಿಟ್ಟು ಎಲ್ಲಿಗೆ ಹೋಯಿತೋ ಅವಳಿಗೇ ತಿಳಿಯಲಿಲ್ಲ.

ಭಜನೆ ಶುರುವಾದಾಗ ಅವನು ಹೋಗಲಿಲ್ಲ. ಮೂಲೆಯಲ್ಲಿ ಕೂತು, ಅವಳ ಪೇಟಿಯ ಲಯಕ್ಕೆ ತೊಡೆ ತಟ್ಟುತ್ತ ಏನೇನೋ ಗುನುಗುತ್ತಿದ್ದ. ಅವಳು ಒಮ್ಮೆ ಬೇಕೆಂದೇ ಲಯ ಏರಿಸಿದಳು. ಅವನೂ ಏರಿಸಿದ. ಇಳಿಸಿದಳು. ಅವನೂ ಇಳಿಸಿದ. ಯಾರಿಗೂ ಗೊತ್ತಾಗದ ಒಂದು ಆಟ... ಇಬ್ಬರಿಗೆ ಮಾತ್ರ ಗೊತ್ತಿದ್ದ ಆಟ!

ಅವನ ಹೆಸರು ದೇವಾನಂದ. ಪವಾಯಿಯ ಆಫೀಸುಗಳಲ್ಲಿ ಎಸಿ ರಿಪೇರಿ ಮಾಡುತ್ತಿದ್ದ. ಅಪ್ಪ ಅವ್ವ ವಿಜಯಪುರದ ಕಡೆಯವರು. ಅವನು ಹುಟ್ಟಿ ಬೆಳೆದದ್ದೆಲ್ಲ ಭಾಂಡುಪ್‌ನಲ್ಲೇ ಆದ್ದರಿಂದ ಕನ್ನಡ ಎಡವುತ್ತ ಎಡವುತ್ತ ಬರುತ್ತಿತ್ತು. ನಾಗರತ್ನಾ ಹಗಲೆಲ್ಲ ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡಿ, ಸಂಜೆ ಸಂಘದಲ್ಲಿ ಪೇಟಿ ನುಡಿಸುತ್ತಿದ್ದಳು. ಗೌಂಡಿ ಕೆಲಸದ ಅಪ್ಪ ಧರ್ಮಣ್ಣ ಅವಳಿಗೆ ಕೊಟ್ಟ ಒಂದೇ ಆಸ್ತಿ ಆ ವಿದ್ಯೆ.

ಆ ಮಳೆಗಾಲವೆಲ್ಲ ಅವರ ಮಾತು ಸ್ಟೇಷನ್ ಹತ್ತಿರದ ಚಹಾದ ಗಾಡಿಯ ಮುಂದೆ ಬೆಳೆಯಿತು. ಅವನು ಬರೆದ ಸಾಲಿಗೆ ಅವಳು ಸ್ವರ ಹುಡುಕುತ್ತಿದ್ದಳು. ‘ನೀವು’ ಹೋಗಿ ‘ನೀ’ ಬಂತು. ‘ನಾಗರತ್ನಾ’ ಹೋಗಿ ‘ನಾಗು’ ಬಂತು. ಅದರ ಮುಂದಿನ ಮಾತು ಮಾತ್ರ... ಇಬ್ಬರ ಬಾಯಿಂದಲೂ ಬರಲಿಲ್ಲ.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಸಿದ್ದಲಿಂಗಪ್ಪ ಒಂದು ಸುದ್ದಿ ತಂದರು. ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಕಲಾವಿದರ ಪರಿಚಯ ಮಾಡಿಕೊಡಬೇಕಲ್ಲ, ಅದಕ್ಕೆ ಒಬ್ಬೊಬ್ಬರಿಗೇ ಫೋನ್ ಮಾಡಿ ಹುಟ್ಟಿದ ದಿನ ಕೇಳಿದ್ದರಂತೆ.

“ಏನ್ ಆಶ್ಚರ್ಯ ನೋಡ್ರಿ! ನಾಟಕ ಕಂಪನಿಯ ಸುಂದ್ರವ್ವಜ್ಜಿ ಹುಟ್ಟಿದ್ದು ನವೆಂಬರ್ ಹನ್ನೆರಡು. ಬೊರಿವಲಿಯ ಶಾಸ್ತ್ರೀಯ ಗಾಯಕಿ ಶಿವಕುಮಾರಿ, ನವೆಂಬರ್ ಹನ್ನೆರಡು. ನಮ್ಮ ದೇವಾನಂದನೂ ಅದ ದಿನ! ಒಬ್ಬರದು ರಂಗಗೀತೆ, ಒಬ್ಬರದು ಖಯಾಲ್, ಒಬ್ಬನದು ರ‍್ಯಾಪ್. ಅದ ತಾರೀಖಿಗೆ ಮೂವರನ್ನೂ ಒಂದ ಸ್ಟೇಜ್ ಮ್ಯಾಲ ಕೂಡಸೂಣು. ಕಡೀಕ ಶಿವಕುಮಾರಿ, ದೇವಾನಂದ ಜೋಡಿ ಹಾಡಬೇಕು. ಪೇಟಿ ನಮ್ಮ ನಾಗರತ್ನಾಂದು!”

ಎಲ್ಲರೂ ಚಪ್ಪಾಳೆ ತಟ್ಟಿದರು.

“ನಿನ್ನ ಬರ್ತ್‌ಡೇ ಯಾವಾಗ ನಾಗು?” ದೇವಾನಂದ ಕೇಳಿದ.

“ಜೂನ್ ಒಂದು.”

ಹಿರಿಯರೆಲ್ಲ ಗೊಳ್ಳೆಂದು ನಕ್ಕರು. “ಅದು ಸಾಲಿ ಮಾಸ್ತರ ಬರದ ತಾರೀಖವಾ! ನಮ್ಮೆಲ್ಲಾರದೂ ಅದ!”

ಅವಳೂ ನಕ್ಕಳು. ಆದರೆ ಒಳಗೆ ಎಲ್ಲೋ ಚುರ್ ಎಂದಿತು. ಕಟ್ಟುತ್ತಿದ್ದ ಬಿಲ್ಡಿಂಗಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಹುಟ್ಟಿದವಳು ಅವಳು. ಯಾವ ದಿನ ಎಂದು ಕೇಳಿದರೆ ಅವ್ವ, “ಎರಡನೇ ಮಹಡಿ ಸ್ಲ್ಯಾಬ್ ಹಾಕ್ತಿದ್ರು” ಎನ್ನುತ್ತಿದ್ದಳು.

ಇಷ್ಟು ದಿನ ಅದೊಂದು ಕೊರತೆ ಎಂದು ಅವಳಿಗೆ ಅನಿಸಿರಲೇ ಇಲ್ಲ...

ಶಿವಕುಮಾರಿ ಮೊದಲ ದಿನ ತಾಲೀಮಿಗೆ ಬಂದಾಗ ಹಾಲ್‌ನ ಗಲಾಟೆ ತಾನಾಗಿ ಅಡಗಿತು. ಧಾರವಾಡದಲ್ಲಿ ಕಲಿತವಳು, ಬ್ಯಾಂಕಿನಲ್ಲಿ ಕೆಲಸ. ಇಳಕಲ್ ಸೀರೆ, ನೆಟ್ಟಗಿನ ಕುತ್ತಿಗೆ, ಅಳೆದು ತೂಗಿ ಆಡುವ ಮಾತು. ಅವಳು ಷಡ್ಜ ಹಿಡಿದರೆ ಫ್ಯಾನಿನ ಸದ್ದೂ ಕೇಳಿಸುತ್ತಿರಲಿಲ್ಲ.

‘ಎಷ್ಟು ಛಂದ ಹಾಡ್ತಾಳ!’ ನಾಗರತ್ನಾಳಿಗೆ ಮೊದಲು ಅನಿಸಿದ್ದು ಅದೇ. ಆಮೇಲೆ ದೇವಾನಂದನ ಮುಖ ನೋಡಿದಳು. ಅವನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

ಅಲ್ಲಿಂದ ಶುರುವಾಯಿತು ಅವಳ ಹೊಟ್ಟೆಯ ಬೆಂಕಿ.

ಜೋಡಿ ಹಾಡು ಕೂಡಿಸಲು ದೇವಾನಂದ ಭಾನುವಾರ ಬಂದರೆ ಸಾಕು, ದಾದರ್‌ನಲ್ಲಿ ಲೋಕಲ್ ಬದಲಿಸಿ ಬೊರಿವಲಿಗೆ ಹೋಗತೊಡಗಿದ. ಚಹಾದ ಗಾಡಿಯ ಮುಂದೆಯೂ ಅದೇ ಮಾತು. “ಶಿವಕುಮಾರಿಜೀ ಹಿಂಗಂದ್ರು... ಶಿವಕುಮಾರಿಜೀ ಹಂಗಂದ್ರು...”

ಒಂದು ದಿನ ಅವನ ಸ್ಟೇಟಸ್‌ನಲ್ಲಿ ಫೋಟೋ ಬಂತು. ಇಬ್ಬರೂ ಪಕ್ಕಪಕ್ಕದಲ್ಲಿ ನಗುತ್ತಿದ್ದಾರೆ. ಕೆಳಗೆ ಬರೆದಿದ್ದ: ‘ಬರ್ತ್‌ಡೇ ಟ್ವಿನ್!’

ನಾಗರತ್ನಾ ಅದನ್ನು ಮತ್ತೆ ಮತ್ತೆ ತೆರೆದು ನೋಡಿದಳು. ಗಿರಾಕಿ ಕೇಳಿದ್ದು ಕೆಮ್ಮಿನ ಔಷಧಿ. ಅವಳು ಕೊಟ್ಟಿದ್ದು ಮುಲಾಮು.

“ಜೋಡಿ ಹೇಳಿ ಮಾಡಿಸಿದಂಗ ಐತಿ,” ಎಂದರು ಸಿದ್ದಲಿಂಗಪ್ಪ. “ಹುಟ್ಟಿದ ದಿನಾನೂ ಒಂದ. ಇದು ದೇವರ ಹಾಕಿದ ಗಂಟು ಬಿಡ್ರಿ!”

‘ದೇವರಿಗೆ ನನ್ನ ತಾರೀಖು ಬರದಿಡಾಕೂ ಪುರಸೊತ್ತು ಸಿಗಲಿಲ್ಲಲ್ಲ...’ ಎಂದುಕೊಂಡಳು ಅವಳು.

ಕಾರ್ಯಕ್ರಮಕ್ಕೆ ಸ್ವಲ್ಪ ಮೊದಲಿನ ತಾಲೀಮು. ದಾದರ್‌ನ ಒಂದು ಸಂಗೀತ ಮಂಡಳಿಯ ಹಿರಿಯರು ಶಿವಕುಮಾರಿಯನ್ನು ಕೇಳಲೆಂದೇ ಬಂದಿದ್ದರು. ಅವರಿಗೆ ಮೆಚ್ಚುಗೆಯಾದರೆ ದೊಡ್ಡ ಸಭೆಯಲ್ಲಿ ಅವಳ ಕಛೇರಿ. ಅವತ್ತು ಅವಳು ತಂಬೂರಿ ತಂದಿರಲಿಲ್ಲ. “ಪೇಟಿಯ ಶ್ರುತಿ ಸಾಕು, ನಾಗರತ್ನಾ ಇದ್ದಾಳಲ್ಲ,” ಎಂದಳು ನಂಬಿಕೆಯಿಂದ.

ಆಗಲೇ ದೇವಾನಂದ ಬಗ್ಗಿ ಶಿವಕುಮಾರಿಯ ಕಿವಿಯಲ್ಲಿ ಏನೋ ಹೇಳಿದ. ಅವಳು ನಕ್ಕಳು.

ನಾಗರತ್ನಾಳ ಬೆರಳು ತನ್ನಷ್ಟಕ್ಕೆ ಸರಿಯಿತೋ, ಅವಳೇ ಸರಿಸಿದಳೋ... ಶಿವಕುಮಾರಿಯ ಮಾಮೂಲಿ ಶ್ರುತಿಗಿಂತ ಒಂದು ಸ್ವರ ಮೇಲೆ ಹಿಡಿದಳು.

ಮೊದಮೊದಲು ಯಾರಿಗೂ ತಿಳಿಯಲಿಲ್ಲ. ಹಾಡು ಮೇಲೇರಿತು. ತಾರ ಸ್ಥಾಯಿಗೆ ಬಂದಾಗ ಶಿವಕುಮಾರಿಯ ಕಂಠದ ನರ ಉಬ್ಬಿತು. ದನಿ ಬಿರಿಯಿತು. ಇನ್ನೊಮ್ಮೆ ಪ್ರಯತ್ನಿಸಿದಳು. ಮತ್ತೆ ಒಡೆಯಿತು! ದಾದರ್‌ನ ಹಿರಿಯರು ನಮಸ್ಕಾರ ಹೇಳಿ ಎದ್ದು ಹೋದರು.

ಶಿವಕುಮಾರಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಚಪ್ಪಲಿ ಹಾಕಿಕೊಂಡು ಹೊರಟಳು.

ಗೆದ್ದೆ ಎಂದು ಅನಿಸಬೇಕಿತ್ತು. ಆದರೆ ನಾಗರತ್ನಾ ಪೇಟಿಯ ಮುಚ್ಚಳ ಹಾಕಿ ತಲೆ ತಗ್ಗಿಸಿ ಕೂತಳು.

ಎಲ್ಲರೂ ಹೋದ ಮೇಲೆ ದೇವಾನಂದ ಅವಳ ಎದುರು ಬಂದು ನಿಂತ.

“ನಾಗು, ನೀ ಬೇಕಂತ ಮಾಡಿದಿ.”

“ಏನ ಮಾಡಿದೆ?”

“ನನಗ ಕನ್ನಡ ಕಮ್ಮಿ ಬರ್ತದ. ಸುರ್ ಬರ್ತದ. ಝೂಟ್ ಬ್ಯಾಡ, ಖರೇ ಹೇಳು.”

ಇಷ್ಟು ದಿನ ಅದುಮಿಟ್ಟಿದ್ದೆಲ್ಲ ಒಮ್ಮೆಗೇ ಉಕ್ಕಿತು. “ಹೌದು, ಮಾಡಿದೆ! ಏನೀಗ? ಹೋಗು, ಅಕೀ ಕಣ್ಣೀರು ಒರಸು ಹೋಗು! ಒಂದ ದಿನಾ ಹುಟ್ಟೀರಿ, ಒಂದ ಸ್ಟೇಜ್ ಮ್ಯಾಲ ಹಾಡ್ತೀರಿ, ಒಂದ ಫೋಟೋದಾಗ ನಗ್ತೀರಿ! ನಡುವ ಈ ಪೇಟಿ ಬಾರಸಾಕೀ ಯಾಕ ಬೇಕು?”

ಹೇಳಿದ ಮೇಲೆ ತಾನು ಏನು ಹೇಳಿಬಿಟ್ಟೆ ಎಂದು ಅವಳಿಗೆ ಅರಿವಾಯಿತು. ದೇವಾನಂದನ ಮುಖ ಕೆಂಪಾಯಿತು. ಅವನು ತಿರುಗಿ ಹೊರಟೇ ಹೋದ.

‘ಒಂದು ಮಾತೂ ಆಡಲಿಲ್ಲ! ಅಂದ್ರ... ಅವನ ಮನಸ್ಸು ಅಲ್ಲೇ ಐತಿ.’

ಮರುದಿನ ಅವಳು ಸಿದ್ದಲಿಂಗಪ್ಪನವರಿಗೆ ಫೋನ್ ಮಾಡಿ, “ಕಾಕಾ, ನಾ ಪೇಟಿ ಬಾರಸಂಗಿಲ್ಲ,” ಎಂದಳು.

ಅದರ ಮರುದಿನ ಮಧ್ಯಾಹ್ನ ಮೆಡಿಕಲ್ ಅಂಗಡಿಯ ಮುಂದೆ ಆಟೋ ನಿಂತಿತು. ಕೋಲೂರಿಕೊಂಡು ಇಳಿದವಳು ಸುಂದ್ರವ್ವ! ಎಂಬತ್ತರ ಹತ್ತಿರದ ಜೀವ, ಹಣೆ ತುಂಬ ಕುಂಕುಮ.

“ನನ್ನ ಹಾಡಿಗೆ ಪೇಟಿ ಯಾರು, ನಿಮ್ಮಪ್ಪ ಬಾರಸ್ತಾನೇನು?” ಬಂದವಳೇ ಗದರಿದಳು.

“ಆಯಿ... ನಾ ಅಲ್ಲಿ ಬರಾಕಿ ಅಲ್ಲ. ನೀವು ಮೂರೂ ಮಂದಿ ಒಂದ ದಿನಾ ಹುಟ್ಟಿದವ್ರು...”

“ಯಾರಂದ್ರು ನಿನಗ?”

“ಅಂದ್ರ?”

ಮುದುಕಿ ಸ್ಟೂಲ್ ಮೇಲೆ ಕೂತು ಬೊಚ್ಚುಬಾಯಿ ತುಂಬ ನಕ್ಕಳು. “ನಾ ಹುಟ್ಟಿದ್ದು ಸುಗ್ಗ್ಯಾಗ ಅಂತ ನಮ್ಮವ್ವ ಹೇಳ್ತಿದ್ಲು. ಯಾವ ಸುಗ್ಗಿ, ಯಾವ ದಿನ, ಆ ಶಿವನಿಗೆ ಗೊತ್ತು. ನವೆಂಬರ್ ಹನ್ನೆರಡು ನಮ್ಮ ಕಂಪನಿ ಮಾಲಕ ಹುಟ್ಟಿದ ದಿನ. ಹೀರೋಯಿನ್ನಿಗೂ ಅವತ್ತ ಹಾರ ಹಾಕಿದ್ರ ಎರಡನೇ ಹಾರದ ಖರ್ಚು ಉಳೀತದಲ್ಲ! ಜನಾ ನಂಬಿದ್ರು. ನಾನೂ ನಂಬಿದೆ.”

ನಾಗರತ್ನಾ ಬೆಪ್ಪಾಗಿ ನೋಡಿದಳು. ಆಮೇಲೆ ಅಳುತ್ತ ನಕ್ಕಳು. ನಗುತ್ತ ಅತ್ತಳು.

“ಆಯಿ, ನಾ ತಪ್ಪು ಮಾಡೀನಿ,” ಎಂದು ಶ್ರುತಿಯ ವಿಷಯ ಎಲ್ಲ ಹೇಳಿದಳು.

ಸುಂದ್ರವ್ವನ ನಗು ನಿಂತಿತು. “ಹಾಡಾಕೀ ಗಂಟಲಿಗೆ ಕೈ ಹಾಕಿದಿ. ಇದು ನನ್ನ ಮುಂದ ಅತ್ರ ಹೋಗೂ ಪಾಪ ಅಲ್ಲ. ಅಕೀ ಮುಂದ ಹೋಗು.”

ಅಂದೇ ಸಂಜೆ ನಾಗರತ್ನಾ ಸಿದ್ದಲಿಂಗಪ್ಪನವರಿಂದ ನಂಬರ್ ಪಡೆದು ಮೊದಲು ದಾದರ್‌ನ ಹಿರಿಯರಿಗೆ ಫೋನ್ ಮಾಡಿದಳು. “ಗಾಯಕಿ ತಪ್ಪಲ್ಲ ಸರ್, ನಾನ ಶ್ರುತಿ ತಪ್ಪಿಸಿದ್ದು. ಇನ್ನೊಮ್ಮೆ ಕೇಳ್ರಿ,” ಎಂದಳು. ಅವರು ಅವಳನ್ನು ಚೆನ್ನಾಗಿಯೇ ಬೈದರು. ಬೈಸಿಕೊಂಡು, ಬೊರಿವಲಿಯ ರೈಲು ಹತ್ತಿದಳು.

ಶಿವಕುಮಾರಿ ಬಾಗಿಲು ತೆರೆದಳು. ನಾಗರತ್ನಾ ಒಳಗೆ ಕಾಲಿಡುವ ಮೊದಲೇ ಹೇಳಿದಳು: “ಅಕ್ಕಾರ, ಅವತ್ತು ಶ್ರುತಿ ನಾನ ಏರಿಸಿದ್ದು. ಬೇಕಂತನ.”

“ನನಗ ಗೊತ್ತದ.”

“ಗೊತ್ತಿತ್ತಾ! ಹಂಗಾರ ಅಲ್ಲೇ ಯಾಕ ಹೇಳಲಿಲ್ಲ?”

“ಎರಡನೇ ಸಾಲಿಗೇ ಗೊತ್ತಾತು. ನಿಲ್ಲಿಸಬಹುದಿತ್ತು. ಆದ್ರ ದೇವಾನಂದನ ಮುಂದ ಸೋಲಬಾರದು ಅಂತ ಹಟ ಹಿಡದೆ.” ಶಿವಕುಮಾರಿ ಕಿಟಕಿಯ ಕಡೆ ತಿರುಗಿದಳು. “ನಿನಗಷ್ಟ ಹೊಟ್ಟೆಕಿಚ್ಚು ಅಂತ ತಿಳಕೊಂಡಿ ಏನು? ಪ್ರತಿ ಭಾನುವಾರ ಬರ್ತಾನ. ನಾ ಒಂದು ಆಲಾಪ ಹಾಡಿದ್ರ, ‘ಇದಕ್ಕ ನಾಗು ಹೆಂಗ ಪೇಟಿ ಬಾರಸ್ತಾಳ’ ಅಂತಾನ. ಚಹಾ ಕೊಟ್ರ, ‘ನಾಗುಗ ಶುಂಠಿ ಬೇಕು’ ಅಂತಾನ. ಅವತ್ತು ನನ್ನ ಕಿವ್ಯಾಗ ಅಂದಿದ್ದೂ ಅದ... ‘ನಾಗು ಮುಖಾ ಸಪ್ಪಗ ಐತಿ, ನಗಸಬೇಕು’ ಅಂತ. ನಾ ನಕ್ಕೆ. ಮತ್ತೇನು ಮಾಡ್ಲಿ?”

ನಾಗರತ್ನಾಳಿಗೆ ತಲೆ ಎತ್ತಲಾಗಲಿಲ್ಲ.

“ಅಕ್ಕಾರ... ನಿಮಗೂ ಅವನಂದ್ರ...”

“ಹೂಂ. ಸ್ವಲ್ಪ ದಿನ.” ಅವಳು ಕಣ್ಣು ಒರೆಸಿಕೊಂಡಳು. “ಹೋಗ್ತದ. ನೀ ಮಾಡಿದ್ದು ಮಾತ್ರ ನಾ ಇಷ್ಟು ಬ್ಯಾಗ ಮರಿಯಂಗಿಲ್ಲ. ಹನ್ನೆರಡನೇ ತಾರೀಖು ಸರಿಯಾಗಿ ಬಾರಸು. ಆಮ್ಯಾಲ ನೋಡೂಣು.”

ನವೆಂಬರ್ ಹನ್ನೆರಡು. ಮಧ್ಯಾಹ್ನವೇ ಹಾಲ್ ತುಂಬಿತ್ತು. ದಾದರ್‌ನ ಹಿರಿಯರೂ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಸುಂದ್ರವ್ವ ಕುರ್ಚಿಯ ಮೇಲೆ ಕೂತು ರಂಗಗೀತೆ ಎತ್ತಿಕೊಂಡರೆ ಮುದುಕರೆಲ್ಲ ಶಿಳ್ಳೆ ಹೊಡೆದರು! ಶಿವಕುಮಾರಿಯ ಸರದಿ ಬಂದಾಗ ನಾಗರತ್ನಾ ಪೇಟಿಗೆ ಹಣೆ ಮುಟ್ಟಿಸಿ, ಅವಳ ಮುಖ ನೋಡುತ್ತ ಶ್ರುತಿ ಹಿಡಿದಳು. ಶಿವಕುಮಾರಿ ಒಂದು ಕ್ಷಣ ಕಿವಿಗೊಟ್ಟಳು. ಕಣ್ಣು ಮುಚ್ಚಿದಳು. ತಾರ ಷಡ್ಜ ಮುಟ್ಟಿದಾಗ ನಾಗರತ್ನಾಳ ಮೈ ಜುಮ್ಮೆಂದಿತು. ಹೊಟ್ಟೆಕಿಚ್ಚು ಇತ್ತು, ಇಲ್ಲವೆಂದಲ್ಲ. ಆದರೆ ಬೆರಳು ತಪ್ಪಲಿಲ್ಲ.

ಕಡೆಯಲ್ಲಿ ಜೋಡಿ ಹಾಡು. ಒಂದೇ ದಿನ ಹುಟ್ಟಿದ ಇಬ್ಬರೂ ಅಕ್ಕಪಕ್ಕ ನಿಂತರು. ಆದರೆ ದೇವಾನಂದ ತನ್ನ ಒಂದೊಂದು ಸಾಲಿಗೂ ತಿರುಗುತ್ತಿದ್ದುದು ಪೇಟಿಯ ಕಡೆಗೆ. ಇಷ್ಟು ದಿನ ತಗ್ಗಿಸಿದ ತಲೆ ಎತ್ತದೆ ನುಡಿಸಿದವಳಿಗೆ ಅದು ಕಂಡಿರಲೇ ಇಲ್ಲ!

ಜನ ಕರಗಿದಾಗ ಬೀದಿಯ ದೀಪಗಳು ಆಗಷ್ಟೇ ಹತ್ತುತ್ತಿದ್ದವು. ದೇವಾನಂದ ಕೇಳದೆಯೇ ಪೇಟಿ ಎತ್ತಿಕೊಂಡ. ಇಬ್ಬರೂ ಅವಳ ಮನೆಯಿದ್ದ ಚಾಳಿನ ದಾರಿ ಹಿಡಿದರು.

“ಅವತ್ತು ಯಾಕ ಸುಮ್ಮನ ಹೋದಿ?” ಅವಳು ಕೇಳಿದಳು.

“ಗುಸ್ಸಾ ಬಂದಿತ್ತು. ಶಿವಕುಮಾರಿಜೀಗೆ ನೀ ಗಲತ್ ಮಾಡಿದ್ದಿ.” ಅವನು ಮಾತು ಹುಡುಕಿದ. “ಆದ್ರ ಒಳಗ... ಖುಷಿನೂ ಆತು. ನನ್ನ ಸಲುವಾಗಿ ಇವಳಿಗೆ ಇಷ್ಟು ಉರೀತದಾ ಅಂತ. ಒಬ್ಬರು ಅಳಕೋತ ಹೋಗ್ಯಾರ, ನನಗ ಖುಷಿ! ನನ್ನ ಮ್ಯಾಲ ನನಗ ಶರಮ್ ಆತು, ನಾಚಿಕಿ ಆತು. ಅದಕ್ಕ ಓಡಿದೆ.”

ನಾಗರತ್ನಾಳ ಹೆಜ್ಜೆ ನಿಂತಿತು.

“ಅಕೀ ಜೋಡಿ ಮುಂದನೂ ಹಾಡ್ತೀಯೇನು?”

“ಹಾಡ್ತೀನಿ. ಛಲೋ ಹಾಡ್ತಾರ ಅವರು.”

“ನನಗ ಮತ್ತ ಉರೀತದ.”

“ಉರೀಲಿ. ಬಂದು ನನಗ ಬಯ್ಯಿ. ಪೇಟಿ ಮ್ಯಾಲ ತೋರಸಬ್ಯಾಡ.”

ಅವಳು ತಲೆಯಾಡಿಸಿದಳು. ಚಾಳಿನ ಮೆಟ್ಟಿಲು ಬಂತು. ಮೇಲೆ ಅಪ್ಪನ ಕೆಮ್ಮು ಕೇಳಿಸುತ್ತಿತ್ತು.

“ನಾ ನಿಮ್ಮಪ್ಪನ ಕೂಡ ಮಾತಾಡ್ಲಾ? ಈಗ?” ಅವನು ಕತ್ತೆತ್ತಿ ಮೇಲೆ ನೋಡಿದ. “ಹಿಂದ್ಯಾಗ ನಡೀತದ?”

“ಹಿಂದ್ಯಾಗ ಹೆಣ್ಣು ಕೇಳಿದ್ರ ನಮ್ಮಪ್ಪ ಮೆಟ್ಟಲಾ ಇಳಸ್ತಾನ!”

“ಹಂಗಾರ ಕಲಸು. ಏನನ್ಲಿ?”

“‘ಕಾಕಾ, ನಿಮ್ಮ ಮಗಳು ಅಂದ್ರ ನನಗ ಜೀವ’ ಅನ್ನು.”

“ಕಾಕಾ, ನಿಮ್ಮ ಮಗಳು...” ಅವನು ನಿಲ್ಲಿಸಿದ. ಪೇಟಿಯನ್ನು ಮೆಟ್ಟಿಲ ಮೇಲಿಟ್ಟು, ಅವಳ ಕಣ್ಣಲ್ಲೇ ನೋಡುತ್ತ ಮೆಲ್ಲಗೆ ಹೇಳಿದ: “ನಾಗು... ನೀ ಅಂದ್ರ ನನಗ ಜೀವ.”

ಅವಳ ಕಣ್ಣು ತುಂಬಿ ಬಂತು. ತುಟಿ ಕಚ್ಚಿ ನಗು ತಡೆದಳು.

“ಸರಿ ಬರಲಿಲ್ಲ,” ಎಂದಳು. “ಇನ್ನೊಮ್ಮೆ ಅನ್ನು.”