ಕಿಟಕಿ ಕಡೆಯ ಸ್ಪೀಕರ್

“ನಾನೇನೂ ಮಾಡಿಲ್ಲ ಅಪ್ಪಾ, ನನ್ನಾಣೆ!”

ಚೂಟಿ ಹಾಲ್‌ನ ನಡುವೆ ನಿಂತು ಕೂಗಿದಳು. ಅಪ್ಪ ಟಿವಿ ಸ್ಟ್ಯಾಂಡಿನ ಹಿಂದೆ ತಲೆ ತೂರಿಸಿದ್ದ. ಅವನ ಬೆನ್ನು ಮಾತ್ರ ಕಾಣುತ್ತಿತ್ತು.

“ಹಾಗಾದ್ರೆ ಸ್ಪೀಕರ್ ತಾನಾಗೇ ಬಾಯಿ ಮುಚ್ಕೊಂಡ್ತಾ?” ಬೆನ್ನಿನ ಆಚೆಯಿಂದ ಮಾತು ಬಂತು. “ಹಾಲ್‌ನಲ್ಲಿ ಬಾಲ್ ಆಡ್ಬೇಡ ಅಂತ ಎಷ್ಟು ಸಲ ಬಡ್ಕೊಳ್ಲಿ?”

“ಆಡಿದ್ದು ನಿಜ. ಬಾಲ್ ಒಂಚೂರು ತಾಗಿದ್ದೂ ನಿಜ. ಆದ್ರೆ ಅದು ಕೆಟ್ಟಿಲ್ಲ. ನಂಗೆ ಚೆನ್ನಾಗಿ ಕೇಳಿಸ್ತಿದೆ!”

“ಬೈಗುಳ ತಪ್ಪಿಸ್ಕೊಳ್ಳೋಕೆ ಹೇಳ್ತಿದೀಯ. ಸುಳ್ಳಿ.”

ಚೂಟಿಯ ಮುಖ ಕೆಂಪಗಾಯಿತು. ಮೂಲೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಅಮ್ಮ ಇಬ್ಬರನ್ನೂ ನೋಡಿ ಮುಂದಿನ ಅಂಗಿಯನ್ನು ಕೈಗೆತ್ತಿಕೊಂಡಳು.

ಅಪ್ಪ ಪಾರ್ಸೆಲ್ ವ್ಯಾನ್ ಓಡಿಸುತ್ತಿದ್ದ. ವಾರವಿಡೀ ಅವನ ಕಿವಿಗೆ ಹಾರ್ನ್ ಬಿಟ್ಟರೆ ಬೇರೆ ಸದ್ದಿಲ್ಲ. ಅದಕ್ಕೇ ಶನಿವಾರ ಸಂಜೆ ಎಂದರೆ ಅವನಿಗೆ ಪ್ರಾಣ. ಮನೆ ಖಾಲಿ ಮಾಡಿ ಹೋಗುವಾಗ ಗೆಳೆಯನೊಬ್ಬ ಬಿಟ್ಟುಹೋದ, ಟಿವಿಯ ಸದ್ದನ್ನು ಸ್ಪೀಕರುಗಳಿಗೆ ಹಂಚುವ ರಿಸೀವರನ್ನೂ ಐದು ಸ್ಪೀಕರುಗಳನ್ನೂ ತಂದು, ಗೋಡೆಯಂಚಿಗೆ ತಾನೇ ವೈರ್ ಎಳೆದು ಜೋಡಿಸಿದ್ದ. ಟಿವಿಯ ಕೆಳಗೆ ಒಂದು, ಅಕ್ಕಪಕ್ಕ ಎರಡು, ಸೋಫಾದ ಹಿಂದೆ ಎರಡು. ಸಿನಿಮಾದಲ್ಲಿ ಮಳೆ ಬಂದರೆ ಮನೆಯ ಸುತ್ತಲೂ ಮಳೆ ಬಂದಂತೆಯೇ ಇರುತ್ತಿತ್ತು.

ಇವತ್ತು ಮಾತ್ರ ಹಾಗಾಗಲಿಲ್ಲ. ಹೆಲಿಕಾಪ್ಟರೊಂದು ಬಾಗಿಲ ಕಡೆಯಿಂದ ಕಿಟಕಿ ಕಡೆಗೆ ಹಾರಬೇಕಿತ್ತು. ಅಪ್ಪನಿಗೆ ಅದು ಬಾಗಿಲ ಹತ್ತಿರವೇ ಗಿರಗಿರ ಅನ್ನುತ್ತ ನಿಂತುಬಿಟ್ಟಿತ್ತು.

ಅಪ್ಪ ರಿಸೀವರ್ ಆಫ್ ಮಾಡಿ, ಕಿಟಕಿ ಕಡೆಯ ಸ್ಪೀಕರಿನ ವೈರ್ ಬಿಚ್ಚಿದ. ತಾಮ್ರದ ಎಳೆಗಳನ್ನು ಹುರಿಗೊಳಿಸಿ ಮತ್ತೆ ಸಿಕ್ಕಿಸಿದ. ಆನ್ ಮಾಡಿ ರಿಮೋಟಿನಲ್ಲಿ ಟೆಸ್ಟ್ ಒತ್ತಿದ. ‘ಶ್‌ಶ್‌ಶ್’ ಎಂಬ ಸದ್ದು ಒಂದಾದ ಮೇಲೊಂದು ಸ್ಪೀಕರಿನಿಂದ ಬರುತ್ತ ಕೋಣೆಯನ್ನು ಸುತ್ತಿತು.

“ಎಲ್ಲಾ ಬಾಗಿಲ ಕಡೆಯಿಂದಲೇ ಬರ್ತಿದೆ,” ಎಂದ ಅಪ್ಪ, ಸೋಫಾದ ನಡುವೆ ಕೂತು. “ಕಿಟಕಿ ಕಡೆಯದು ಎಲ್ಲೋ ದೂರದಲ್ಲಿ ಗೊಣಗಿದ ಹಾಗಿದೆ. ಆ ಕಡೆ ಸೋಫಾ ಹಿಂದಿನದೂ ಅಷ್ಟೇ. ಒಂದಲ್ಲ, ಎರಡು ಹೋಗಿವೆ!”

“ಹಿಂದಿನದಕ್ಕೆ ಬಾಲ್ ತಾಗೇ ಇಲ್ಲ!” ಎಂದಳು ಚೂಟಿ.

ಅಪ್ಪನಿಗೂ ಯೋಚನೆಯಾಯಿತು. “ಸರಿ, ರಿಸೀವರ್‌ನಲ್ಲೇ ತೊಂದರೆ ಇರಬಹುದು. ಎಡಗಡೆ, ಅಂದ್ರೆ ಕಿಟಕಿ ಕಡೆ ವೈರನ್ನ ಬಲಕ್ಕೆ, ಬಲಗಡೆಯದನ್ನ ಎಡಕ್ಕೆ ಹಾಕೋಣ. ತೊಂದರೆ ಬಾಗಿಲ ಕಡೆಗೆ ಬಂದ್ರೆ ರಿಸೀವರ್ ಕೆಟ್ಟಿದೆ. ಅಲ್ಲೇ ಉಳಿದ್ರೆ ಸ್ಪೀಕರ್ ಕೆಟ್ಟಿದೆ.”

ಚೂಟಿ ಟಾರ್ಚ್ ಹಿಡಿದಳು. ಅಪ್ಪ ವೈರ್ ಅದಲುಬದಲು ಮಾಡಿದ. ಮತ್ತೆ ಶ್‌ಶ್‌ಶ್.

“ಅಲ್ಲೇ ಇದೆ ತೊಂದರೆ. ಸ್ಪೀಕರೇ ಹೋಗಿದೆ,” ಎಂದು ಅಪ್ಪ ಅವಳ ಕಡೆ ನೋಡಿದ.

ಆ ನೋಟಕ್ಕೆ ಚೂಟಿಗೆ ಅಳು ಒತ್ತರಿಸಿ ಬಂತು. ಅಳಬಾರದು ಎಂದು ತುಟಿ ಕಚ್ಚಿ, ಸೀದಾ ಹೋಗಿ ಕಿಟಕಿ ಕಡೆಯ ಸ್ಪೀಕರಿನ ಮೇಲೆ ಅಂಗೈ ಇಟ್ಟಳು. ಬೆಕ್ಕಿನ ಹೊಟ್ಟೆಯ ಹಾಗೆ ಗುರ್‌ಗುರ್ ಅನ್ನುತ್ತಿತ್ತು. ಬಾಗಿಲ ಕಡೆಯದರ ಮೇಲೂ ಇಟ್ಟಳು. ಅದೂ ಅಷ್ಟೇ. ಎರಡಕ್ಕೂ ವ್ಯತ್ಯಾಸವೇ ಇಲ್ಲ.

ವೈರ್ ಸರಿಯಿದೆ, ರಿಸೀವರ್ ಸರಿಯಿದೆ, ಸ್ಪೀಕರೂ ಸರಿಯಿದೆ. ಮತ್ತೇನು ಉಳಿಯಿತು? ಕೋಣೆಯಲ್ಲಿ ಅದಲುಬದಲು ಮಾಡದೆ ಇದ್ದದ್ದು ಒಂದೇ.

“ಅಪ್ಪಾ, ಸೋಫಾ ಮೇಲೆ ಉಲ್ಟಾ ಕೂತ್ಕೋ.”

“ಯಾಕೆ?”

“ಕೂತ್ಕೋ ಅಂದ್ರೆ ಕೂತ್ಕೋಪ್ಪಾ!”

ಅಪ್ಪ ನಗುತ್ತ ಮಂಡಿಯೂರಿ, ಗೋಡೆಗೆ ಮುಖ ಮಾಡಿ ಕೂತ. ಚೂಟಿ ಟೆಸ್ಟ್ ಒತ್ತಿದಳು.

“ಅರೆ! ಈಗ ಕಿಟಕಿ ಕಡೆಯವು ಸರಿಯಾಗಿವೆ! ಬಾಗಿಲ ಕಡೆಯವೇ ದೂರ…”

ಅಪ್ಪ ನಿಧಾನವಾಗಿ ಕೈ ಎತ್ತಿ ತನ್ನ ಎಡಗಿವಿಯನ್ನು ಮುಟ್ಟಿ ನೋಡಿಕೊಂಡ.

ಅಮ್ಮ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಬಂದಳು. ಅವನ ಎಡಗಿವಿಯ ಬಳಿ ಎರಡು ಬೆರಳು ಉಜ್ಜಿದಳು. “ಕೇಳ್ತಿದೆಯೇನ್ರೀ?”

“ಏನು?”

ಅಮ್ಮ ಬಲಗಿವಿಯ ಬಳಿ ಉಜ್ಜಿದಳು. ಅಪ್ಪ ಹೂಂ ಎಂದು ತಲೆಯಾಡಿಸಿದ.

“ಯಾವಾಗಿಂದ ಹೀಗೆ?”

“ಈ ವಾರ ಕಿವಿಯೊಳಗೆ ಏನೋ ತುಂಬಿದ ಹಾಗಿತ್ತು. ಶೀತ ಅಂದ್ಕೊಂಡೆ.” ಅಪ್ಪನ ದನಿ ಇಳಿಯಿತು. “ಮೊನ್ನೆ ಎಡಗಡೆಯಿಂದ ಒಬ್ಬ ಸ್ಕೂಟರ್‌ನವನು ನುಗ್ಗಿದ. ಹಾರ್ನ್ ಹೊಡೀದೆ ಯಾಕೆ ಬಂದೆ ಅಂತ ಅವನ ಹತ್ರ ಜಗಳ ಆಡ್ದೆ. ಪಾಪ, ಹೊಡೆದಿದ್ನೋ ಏನೋ.”

ಚೂಟಿ ಗೆದ್ದಿದ್ದಳು. ‘ನೋಡಿದ್ಯಾ, ನಾನು ಹೇಳಿರ್ಲಿಲ್ವಾ’ ಎಂದು ಕುಣಿಯಬಹುದಿತ್ತು. ಆದರೆ ಕುಣಿಯಬೇಕೆನಿಸಲಿಲ್ಲ. ಬಾಲ್ ತಾಗಿ ಸ್ಪೀಕರೇ ಕೆಟ್ಟುಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು.

ಸೋಮವಾರ ಬೆಳಿಗ್ಗೆಯೇ ಮೂವರೂ ಆಸ್ಪತ್ರೆಗೆ ಹೋದರು. ಕಿವಿ ಡಾಕ್ಟರಮ್ಮ ಅಪ್ಪನನ್ನು ಗಾಜಿನ ಚಿಕ್ಕ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗಲೆಲ್ಲ ಬಟನ್ ಒತ್ತಿಸಿದರು. ಬಲಗಿವಿಗೆ ಅಪ್ಪ ಟಕಟಕ ಒತ್ತಿದ. ಎಡಗಿವಿಗೆ ಕೈ ತುಂಬ ಹೊತ್ತು ಸುಮ್ಮನಿತ್ತು. ಗಾಜಿನ ಈಚೆ ಚೂಟಿ ‘ಒತ್ತಪ್ಪಾ, ಒತ್ತು’ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು.

“ಒಳಕಿವಿಗೆ ತೊಂದರೆಯಾಗಿದೆ,” ಎಂದರು ಡಾಕ್ಟರಮ್ಮ. “ಬೇಗ ಬಂದಿದ್ದು ಒಳ್ಳೇದಾಯ್ತು. ತುಂಬಾ ಜನ ಶೀತ ಅಂತ ಸುಮ್ಮನಿದ್ದು, ತಿಂಗಳು ಕಳೆದ ಮೇಲೆ ಬರ್ತಾರೆ. ಆಮೇಲೆ ಔಷಧ ಕೊಟ್ರೂ ಅಷ್ಟಾಗಿ ಕೆಲಸ ಮಾಡಲ್ಲ. ನಿಮಗೆ ಇದು ಹೇಗೆ ಗೊತ್ತಾಯ್ತು?”

ಅಪ್ಪ ಚೂಟಿಯ ಹೆಗಲ ಮೇಲೆ ಕೈ ಇಟ್ಟ. “ಇವಳು ನನ್ನನ್ನ ಉಲ್ಟಾ ಕೂರಿಸಿದ್ಲು ಡಾಕ್ಟರೇ.”

ನಡೆದದ್ದನ್ನೆಲ್ಲ ಕೇಳಿ ಡಾಕ್ಟರಮ್ಮ ನಕ್ಕರು. “ಅಪ್ಪನ್ನೇ ರಿಪೇರಿಗೆ ಹಿಡ್ಕೊಂಡು ಬಂದ್ಯಾ ಮರೀ! ಭೇಷ್!”

ಕೆಲವು ವಾರ ಮಾತ್ರೆಗಳು ನಡೆದವು. ವ್ಯಾನನ್ನು ಬೇರೊಬ್ಬರು ಓಡಿಸಿದರು. ಅಪ್ಪ ಗೋದಾಮಿನಲ್ಲಿ ಪಾರ್ಸೆಲ್ ಜೋಡಿಸಿದ. ಕೊನೆಯ ಟೆಸ್ಟ್ ದಿನ ಅವನ ಕೈ ಎಡಗಿವಿಗೂ ಬಟನ್ ಒತ್ತಿತು. ಎಲ್ಲ ಸದ್ದಿಗೂ ಅಲ್ಲ, ಬಹಳಷ್ಟು ಸದ್ದಿಗೆ. “ಇಷ್ಟು ಬಂದಿದ್ದೇ ದೊಡ್ಡದು. ಇನ್ನು ಗಾಡಿ ಓಡಿಸಬಹುದು,” ಎಂದರು ಡಾಕ್ಟರಮ್ಮ. ಅಮ್ಮ ಅವರ ಎರಡೂ ಕೈ ಹಿಡಿದುಕೊಂಡಳು.

ಅಮ್ಮ ಬಿಲ್ ಕಟ್ಟುವ ಸಾಲಿನಲ್ಲಿ ನಿಂತಳು. ಅಪ್ಪ, ಚೂಟಿ ಬಸ್ ಸ್ಟಾಪಿನತ್ತ ಮೆಲ್ಲಗೆ ಹೆಜ್ಜೆ ಹಾಕಿದರು.

“ಅವತ್ತು ನಿನ್ನನ್ನ ಸುಳ್ಳಿ ಅಂದ್ಬಿಟ್ಟೆ,” ಎಂದ ಅಪ್ಪ. “ತಪ್ಪಾಯ್ತು ಕಣೇ. ನೀನು ಹಟ ಹಿಡೀದೆ ಹೋಗಿದ್ರೆ ನನ್ನ ಗತಿ ಏನಾಗ್ತಿತ್ತೋ. ಥ್ಯಾಂಕ್ಸ್.”

ಅಪ್ಪ ಹೀಗೆ ದೊಡ್ಡವರ ಜೊತೆ ಮಾತಾಡುವ ಹಾಗೆ ಮಾತಾಡಿದ್ದು ಇದೇ ಮೊದಲು. ಚೂಟಿಗೆ ನಾಚಿಕೆಯಾಯಿತು. “ಪರ್ವಾಗಿಲ್ಲ ಬಿಡಪ್ಪಾ,” ಎಂದಳು ಮೆಲ್ಲಗೆ.

ಪಕ್ಕದಲ್ಲೇ ಬಸ್ಸೊಂದು ಹಾದುಹೋಯಿತು. ಅಪ್ಪ ಮುಂದೆ ನೋಡುತ್ತಲೇ ನಡೆಯುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಬಗ್ಗಿ ಕೇಳಿದ: “ಏನಾದ್ರೂ ಅಂದ್ಯಾ?”

ಚೂಟಿ ಕಿರುಚಿ ಹೇಳಲಿಲ್ಲ. ತಾನು ಅಪ್ಪನ ಎಡಕ್ಕೆ ನಡೆಯುತ್ತಿದ್ದದ್ದು ಅವಳಿಗೆ ಆಗ ಹೊಳೆಯಿತು. ಅವನ ಬೆನ್ನ ಹಿಂದಿನಿಂದ ಸುತ್ತಿ ಬಲಗಡೆಗೆ ಬಂದು ಕೈ ಹಿಡಿದಳು.

“ಪರ್ವಾಗಿಲ್ಲ ಅಂದೆ,” ಎಂದಳು, ಅದೇ ಮೆಲುದನಿಯಲ್ಲಿ.

ಅಪ್ಪ ಅವಳ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.